ಪ್ಯಾಲೆಸ್ತೀನಿಗೆ ಹೋಗುವವರು ಹೊಟ್ಟೆಯಲ್ಲಿ ಜಾಗ ಇಟ್ಟುಕೊಂಡು ಹೋಗಿ

ಪ್ಯಾಲೆಸ್ತೀನಿನ ಪಶ್ಚಿಮ ದಂಡೆಯಲ್ಲಿ (ವೆಸ್ಟ್ ಬ್ಯಾಂಕ್) ದಿನಕ್ಕೆ ಒಂದೇ ಊರು ಎಂದಿಟ್ಟುಕೊಳ್ಳಿ. ಜೆರುಸಲೇಮಿನಿಂದ ಬೆತ್ಲೆಹೇಮಿಗೆ ಸುಮಾರು 10 ಕಿಲೋಮೀಟರ್ ಅಷ್ಟೇ. ಆದರೆ ಹೊತ್ತು ಹೋಗುವುದು ಇಸ್ರೇಲಿ ಸೇನೆಯ ಚೆಕ್‌ಪೋಸ್ಟುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಜನರ ಉಪಚಾರದಲ್ಲಿ.

ನಾವು ಹೋಗಿದ್ದು 2023ರ ಗಾಜಾ ಯುದ್ಧಕ್ಕೆ ಮುಂಚೆ, ಆಲಿವ್ ಕೊಯ್ಲಿನ ಕಾಲದಲ್ಲಿ. ಈಗ ರಸ್ತೆಗಳು ಯಾವಾಗ ಮುಚ್ಚುತ್ತವೋ ಹೇಳಲಾಗದು. ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ನೋಡದೆ ಟಿಕೆಟ್ ಮಾಡಬೇಡಿ. ಒಳಹೋಗುವ ದಾರಿಗಳೆಲ್ಲ ಇಸ್ರೇಲಿನ ಹಿಡಿತದಲ್ಲಿರುವುದರಿಂದ ಅವರದೇ ವೀಸಾ ಬೇಕು. ಜೋರ್ಡಾನ್ ಕಡೆಯಿಂದ ಸೇತುವೆ ದಾಟಿ ಬರುವುದಾದರೂ ಅಷ್ಟೇ. ಊರಿಂದೂರಿಗೆ ಹಳದಿ ಬಣ್ಣದ ಶೇರ್ ಟ್ಯಾಕ್ಸಿಗಳಿವೆ, ಅಲ್ಲಿಯವರು 'ಸರ್ವೀಸ್' ಅನ್ನುತ್ತಾರೆ. ಸೀಟು ತುಂಬಿದ ಮೇಲೆ ಹೊರಡುತ್ತವೆ, ದುಡ್ಡು ಕೈಯಿಂದ ಕೈಗೆ ಮುಂದಕ್ಕೆ ಹೋಗುತ್ತದೆ. ನಮ್ಮ ಪಾಲಿನದನ್ನು ಪಕ್ಕದಲ್ಲಿದ್ದ ಮುದುಕರೊಬ್ಬರು ಕೊಟ್ಟುಬಿಟ್ಟರು. ಎಷ್ಟು ಹೇಳಿದರೂ ವಾಪಸ್ ತೆಗೆದುಕೊಳ್ಳಲಿಲ್ಲ.

ನಬ್ಲುಸ್‌ನ ಹಳೇ ಪೇಟೆಯಲ್ಲಿ ಆಲಿವ್ ಎಣ್ಣೆಯ ಸಾಬೂನು ನೋಡಲು ನಿಂತರೆ ಮೊದಲು ಸ್ಟೂಲ್ ಬರುತ್ತದೆ, ಹಿಂದೆಯೇ ಪುದೀನ ಹಾಕಿದ ಚಹಾ. ಕುಡಿದ ಮಾತ್ರಕ್ಕೆ ಕೊಳ್ಳಲೇಬೇಕು ಅಂತೇನಿಲ್ಲ. ಒಮ್ಮೆ ಬೇಡ ಅಂದರೆ ಸಂಕೋಚ ಅಂದುಕೊಂಡು ಮತ್ತೆ ಒತ್ತಾಯ ಮಾಡುತ್ತಾರೆ (ಇದರಲ್ಲಿ ನಮ್ಮ ಅಜ್ಜಿಯಂದಿರು ಅವರಿಗೆ ಸರಿಸಾಟಿ). ನಿಜಕ್ಕೂ ಬೇಡವಾದರೆ ಎದೆಯ ಮೇಲೆ ಬಲಗೈ ಇಟ್ಟು 'ಶುಕ್ರನ್' (ಧನ್ಯವಾದ) ಅನ್ನಿ. ಹಿಡಿ ಇಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟರೆ, ಕುಡಿದಾದ ಮೇಲೆ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ ಹಿಂದಿರುಗಿಸಬೇಕು. ಇಲ್ಲದಿದ್ದರೆ ಮತ್ತೆ ಸುರಿಯುತ್ತಾರೆ. ಹಾಲು ಕೇಳಬೇಡಿ.

ಸಸ್ಯಾಹಾರಿಗಳು ಮನೆಯೂಟಕ್ಕೆ ಒಪ್ಪಿಕೊಳ್ಳುವಾಗಲೇ ಹೇಳಿಬಿಡಬೇಕು, ಎಲೆ ಮುಂದೆ ಕೂತ ಮೇಲಲ್ಲ. ಅತಿಥಿ ಬಂದರೆಂದರೆ ಮಕ್ಲೂಬಾ: ಅನ್ನ, ಬದನೆ, ಕೋಳಿ ಎಲ್ಲ ಒಟ್ಟಿಗೆ ಬೆಂದ ಪಾತ್ರೆಯನ್ನು ದೊಡ್ಡ ತಟ್ಟೆಗೆ ಬೋರಲು ಹಾಕುತ್ತಾರೆ. 'ಕೋಳಿ ಬಿಟ್ಟು ಬಡಿಸ್ತೀವಿ' ಅನ್ನುವುದು ಅವರ ಲೆಕ್ಕದಲ್ಲಿ ಪೂರ್ತಿ ಪರಿಹಾರ! ಮಸೂರ ಕಾಳು, ಅಕ್ಕಿ, ಹುರಿದ ಈರುಳ್ಳಿಯ ಮುಜದ್ದರಾ ಕೇಳಿ. ಅದು ಬಡವರ ಊಟ ಅಂತ ಮನೆಯಾಕೆ ನಾಚಿಕೊಂಡರು. ನನಗಂತೂ ಆ ಪ್ರವಾಸದಲ್ಲಿ ಅದಕ್ಕಿಂತ ರುಚಿಯಾದ್ದು ಸಿಗಲಿಲ್ಲ. ತಟ್ಟೆ ಖಾಲಿಯಾದರೆ ಮತ್ತೆ ತುಂಬುತ್ತಾರೆ, ನಿಧಾನಕ್ಕೆ ತಿನ್ನಿ.

ಊಟಕ್ಕೆ ದುಡ್ಡು ಕೊಡಲು ಹೋಗಬೇಡಿ, ಅವಮಾನವಾಗುತ್ತದೆ. ಹೋಗುವಾಗ ಒಂದು ಡಬ್ಬಿ ಸಿಹಿ ಒಯ್ಯಿರಿ. ರಾಜಕೀಯ ಅವರಾಗಿಯೇ ತೆಗೆದರೆ ಕೇಳಿಸಿಕೊಳ್ಳಿ, ಉಪದೇಶ ಮಾಡಬೇಡಿ. ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಮನೆಯವರ ಹೆಸರು, ಮುಖ, ಊರು ಮೂರನ್ನೂ ಒಟ್ಟಿಗೆ ಫೇಸ್‌ಬುಕ್ಕಿಗೆ ಹಾಕಬೇಡಿ. ನಾವು ವಿಮಾನ ಹತ್ತಿ ಬಂದುಬಿಡುತ್ತೇವೆ, ನಾಳೆ ಅದೇ ಚೆಕ್‌ಪೋಸ್ಟ್ ದಾಟಬೇಕಾದವರು ಅವರು.