ಪಂಚಾಶತ್ತಮ ಹಬ್ಬ: ಮಾತು ಹಲವು, ಧರ್ಮಕೇಂದ್ರ ಒಂದು

ಯೇಸು ಕಳುಹಿಸಿದ ಶಿಷ್ಯರಾದ ಪ್ರೇಷಿತರ ಮೇಲೆ ಪವಿತ್ರಾತ್ಮರು ಇಳಿದುಬಂದ ದಿನದ ಹಬ್ಬವೇ ಪಂಚಾಶತ್ತಮ (ಪೆಂತೆಕೋಸ್ತ್). ಬೈಬಲಿನ ‘ಪ್ರೇಷಿತರ ಕಾರ್ಯಕಲಾಪಗಳು’ ಎಂಬ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಬಿರುಗಾಳಿಯ ಸದ್ದು, ಬೆಂಕಿಯ ನಾಲಿಗೆಗಳು, ಪವಿತ್ರಾತ್ಮರು ತುಂಬಿಕೊಂಡದ್ದು ಎಲ್ಲವೂ ಮೂರೇ ವಚನಗಳಲ್ಲಿ ಮುಗಿದುಹೋಗುತ್ತದೆ. ಅದಾದ ಮೇಲೆ 5ರಿಂದ 11ನೇ ವಚನದವರೆಗೆ ಸಂತ ಲೂಕರು ಬರೆಯುವುದು ಕೇಳಿದವರ ವಿಷಯ. ನಮ್ಮ ನಮ್ಮ ಮಾತಿನಲ್ಲೇ ಇವರು ಹೇಳುವುದು ಕೇಳಿಸುತ್ತಿದೆಯಲ್ಲ ಎಂಬ ಬೆರಗು ಅಲ್ಲಿ ಒಂದು ಸಲವಲ್ಲ, ಮೂರು ಸಲ ಬರುತ್ತದೆ. ಪಾರ್ಥಿಯದವರು, ಮೇದ್ಯದವರು, ಏಲಾಮಿನವರು, ಈಜಿಪ್ಟಿನವರು, ರೋಮಿನಿಂದ ಬಂದವರು, ಕ್ರೇತದವರು, ಅರಬರು ಎಂದು ಊರೂರಿನ ಹೆಸರು ಹಿಡಿದು ಹೇಳುತ್ತಾರೆ. ಯಾರ ಭಾಷೆಯನ್ನೂ ಬಿಡಿಸಲಿಲ್ಲ, ಯಾರನ್ನೂ ಮೊದಲು ಪ್ರೇಷಿತರ ನಾಡಾದ ಗಲಿಲೇಯದ ಮಾತು ಕಲಿತು ಬನ್ನಿ ಎನ್ನಲಿಲ್ಲ. ಪಂಚಾಶತ್ತಮ ಹಬ್ಬ ಧರ್ಮಕೇಂದ್ರದ, ಅಂದರೆ ಒಂದು ಚರ್ಚಿಗೆ ಸೇರಿದ ವಿಶ್ವಾಸಿಗಳ ಬಳಗದ, ಒಗ್ಗಟ್ಟಿನ ಬಗ್ಗೆ ಏನು ಕಲಿಸುತ್ತದೆ ಎಂದು ಕೇಳಿದರೆ ಮೊದಲ ಉತ್ತರ ಇಲ್ಲಿದೆ: ಎಲ್ಲರಿಗೂ ಕೇಳಿಸಬೇಕು.

ಹಬ್ಬದ ಹಿಂದಿನ ಸಂಜೆಯ ಬಲಿಪೂಜೆಗೆ (ಚರ್ಚಿನ ಮುಖ್ಯ ಆರಾಧನೆಗೆ) ಇರುವ ಬೈಬಲ್ ವಾಚನಗಳಲ್ಲಿ ಆದಿಕಾಂಡ 11ರ ಬಾಬೆಲ್ ಗೋಪುರದ ಕಥೆಯೂ ಒಂದು. ಬಾಬೆಲಿನಲ್ಲಿ ಚದುರಿದ್ದು ಪಂಚಾಶತ್ತಮದಲ್ಲಿ ಕೂಡಿತು ಎಂದು ಪ್ರಬೋಧನೆಗಳಲ್ಲಿ ಹೇಳುವುದುಂಟು. ಮಾತು ನಿಜವೇ, ಆದರೆ ಅರ್ಧ. ಬಾಬೆಲಿನಲ್ಲಿ ಎಲ್ಲರದೂ ಒಂದೇ ಭಾಷೆ, ಒಂದೇ ಯೋಜನೆ, ಇಟ್ಟಿಗೆ ಕೂಡ ಒಂದೇ ಅಚ್ಚಿನದು. ಕಟ್ಟುತ್ತಿದ್ದುದು ತಮ್ಮ ಹೆಸರು ನಿಲ್ಲಲಿ ಎಂದು. ಅಂಥ ಒಗ್ಗಟ್ಟನ್ನು ದೇವರು ಮೆಚ್ಚಲಿಲ್ಲ, ಅವರ ಭಾಷೆಯನ್ನು ಗಲಿಬಿಲಿ ಮಾಡಿ ಚದುರಿಸಿದರು. ಜೆರುಸಲೇಮಿನಲ್ಲಿ ಪವಿತ್ರಾತ್ಮರು ಬಂದಾಗ ಬೆಂಕಿ ಒಂದೇ, ಆದರೆ ಅದು ಬೇರೆ ಬೇರೆಯಾಗಿ ಒಬ್ಬೊಬ್ಬರ ಮೇಲೂ ನೆಲೆಸಿತು. ಭಾಷೆಗಳು ಹಾಗೇ ಉಳಿದವು, ಒಂದಾದದ್ದು ಕೇಳಿದವರ ಹೃದಯ.

ದಾವಣಗೆರೆಯಂಥ ಊರಿಗೆ ಇದು ದೂರದ ಮಾತಲ್ಲ. ಹತ್ತಿ ಗಿರಣಿ, ರೈಲ್ವೆ, ಶಾಲೆ, ಆಸ್ಪತ್ರೆ ಎಂದು ಕೆಲಸ ಹುಡುಕಿಕೊಂಡು ಬಂದ ಮನೆತನಗಳು ಇಲ್ಲೇ ಬೇರು ಬಿಟ್ಟಿವೆ. ಚಿತ್ರದುರ್ಗದ ಆಚೆ ಆಂಧ್ರದ ಗಡಿ ಹತ್ತಿರವಾದಂತೆ ತೆಲುಗು ಬೆರೆಯುತ್ತದೆ. ಬಲಿಪೂಜೆ ಕನ್ನಡದಲ್ಲಿ, ಅಡುಗೆಮನೆಯ ಮಾತು ತಮಿಳಿನಲ್ಲೋ ಕೊಂಕಣಿಯಲ್ಲೋ ಮಲಯಾಳದಲ್ಲೋ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಆಡುಮಾತಿಗೆ ಬಲಿಪೀಠದ ಬಳಿ ಜಾಗ ಕೊಟ್ಟ ಮೇಲೆ ಕನ್ನಡ ನಮ್ಮೆಲ್ಲರನ್ನೂ ಕೂಡಿಸುವ ಮಾತಾಯಿತು. ಅದು ಈ ನೆಲದ ಭಾಷೆ, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕು. ಅದೇ ಹೊತ್ತಿಗೆ, ಜಪಸರವನ್ನು ತಮಿಳಿನಲ್ಲೇ ಹೇಳಿ ಬೆಳೆದ ಅಜ್ಜಿ ಧರ್ಮಕೇಂದ್ರಕ್ಕೆ ಹೊರಗಿನವರಲ್ಲ. ಇನ್ನೊಂದು ಸಂಗತಿ ನೆನಪಿಡುವಂಥದು: ನಾವು ಸೇರಿರುವ ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಧರ್ಮಾಧ್ಯಕ್ಷರ ಕೆಳಗಿನ ಧರ್ಮಕೇಂದ್ರಗಳ ವ್ಯಾಪ್ತಿ) ರೂಪುಗೊಂಡದ್ದು 1988ರಲ್ಲಿ, ದಾವಣಗೆರೆ ಜಿಲ್ಲೆ ಚಿತ್ರದುರ್ಗದಿಂದ ಬೇರೆಯಾದದ್ದು 1997ರಲ್ಲಿ. ಜಿಲ್ಲೆ ಎರಡಾದರೂ ಧರ್ಮಾಧ್ಯಕ್ಷರು ಒಬ್ಬರೇ, ಧರ್ಮಕ್ಷೇತ್ರ ಒಂದೇ. ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಸೆಪ್ಟೆಂಬರ್ 8ಕ್ಕೆ ನಡೆದುಹೋಗುವವರು ಯಾವ ಜಿಲ್ಲೆಯವರು ಎಂದು ಯಾರೂ ಕೇಳುವುದಿಲ್ಲ.

ಹಬ್ಬದ ತಯಾರಿ ಶುರುವಾಗುವುದು ನವದಿನ ಪ್ರಾರ್ಥನೆಯಿಂದ, ಅಂದರೆ ನವೇನಾದಿಂದ. ಎಲ್ಲ ನವೇನಾಗಳಿಗೂ ತಾಯಿಬೇರು ಇದೇ. ಯೇಸುಸ್ವಾಮಿ ಸ್ವರ್ಗಕ್ಕೇರಿದ ಮೇಲೆ ಪ್ರೇಷಿತರು, ಮಹಿಳೆಯರು, ಮಾತೆ ಮರಿಯಮ್ಮನವರು ಮೇಲಂತಸ್ತಿನ ಕೋಣೆಯಲ್ಲಿ ಒಂದೇ ಮನಸ್ಸಿನಿಂದ ಪ್ರಾರ್ಥಿಸುತ್ತ ಕಾದರು. ಆ ದಿನಗಳಲ್ಲಿ ಕೂಡಿದ್ದವರು ಸುಮಾರು 120 ಮಂದಿ ಎಂದು ಗ್ರಂಥ ಹೇಳುತ್ತದೆ, ಅಂದರೆ ನಮ್ಮ ಒಂದು ಸಣ್ಣ ಉಪಕೇಂದ್ರದಷ್ಟು ಜನ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಪವಿತ್ರಾತ್ಮರನ್ನು ಪ್ರಾರ್ಥಿಸಬೇಕೆಂದು ಜಗದ್ಗುರು 13ನೇ ಲಿಯೋ ಅವರು 1897ರಲ್ಲಿ ಇಡೀ ಧರ್ಮಸಭೆಗೆ ಆದೇಶಿಸಿದರು.

ಇಲ್ಲಿ ದಿನದ ಲೆಕ್ಕ ತಪ್ಪುವುದು ಸಾಮಾನ್ಯ. ಪಾಸ್ಖ ಹಬ್ಬವನ್ನೂ (ಈಸ್ಟರ್) ಸೇರಿಸಿ ಎಣಿಸಿದರೆ 40ನೇ ದಿನ ಗುರುವಾರ ಸ್ವರ್ಗಾರೋಹಣ, 50ನೇ ದಿನ ಭಾನುವಾರ ಪಂಚಾಶತ್ತಮ. ನಮ್ಮಲ್ಲಿ ಸ್ವರ್ಗಾರೋಹಣವನ್ನು ಅದರ ಮುಂದಿನ ಭಾನುವಾರ ಆಚರಿಸುವುದರಿಂದ, ಆ ಹಬ್ಬ ಮುಗಿಯಲಿ ಎಂದು ಸೋಮವಾರ ನವೇನಾ ಹಿಡಿದರೆ ಶನಿವಾರಕ್ಕೆ ಆರೇ ದಿನ ಆಗುತ್ತದೆ. ಆದ್ದರಿಂದ ಪಾಸ್ಖ ಕಾಲದ ಆರನೇ ವಾರದ ಗುರುವಾರ ಕಳೆದ ಶುಕ್ರವಾರವೇ ಆರಂಭಿಸಬೇಕು. ಆಗ ಹಬ್ಬದ ಹಿಂದಿನ ಶನಿವಾರಕ್ಕೆ ಸರಿಯಾಗಿ ಒಂಬತ್ತು.

ಪ್ರತಿದಿನ ಸಂಜೆ ಒಂದು ಕಿರು ಸಮುದಾಯದ (ಅಕ್ಕಪಕ್ಕದ ಕೆಲವು ಮನೆಗಳ ಗುಂಪಿನ) ಮನೆಯಲ್ಲಿ ಕೂಡಿ, 30ರಿಂದ 40 ನಿಮಿಷದಲ್ಲಿ ಮುಗಿಸುವುದು ಒಳ್ಳೆಯದು. ಪವಿತ್ರಾತ್ಮರ ಹಾಡು, ಒಂದೇ ವಾಚನ, ಐದು ನಿಮಿಷ ಮೌನ, ಕೋರಿಕೆಗಳು, ಪರಲೋಕ ಮಂತ್ರ, ಇಷ್ಟು ಸಾಕು. ವಾಚನಗಳಿಗೆ ಪ್ರೇಷಿತರ ಕಾರ್ಯಕಲಾಪಗಳು 1:12-14ರಿಂದ ಹೊರಟು, ಆದಿಕಾಂಡ 11, ವಿಮೋಚನಕಾಂಡ 19, ಯೆಜೆಕಿಯೇಲ 37, ಯೋವೇಲ 3, ಯೊವಾನ್ನ 14, ರೋಮನರಿಗೆ 8, ಗಲಾತ್ಯರಿಗೆ 5 ಎಂದು ಸಾಗಿ, ಕೊನೆಯ ದಿನಕ್ಕೆ ಒಂದನೇ ಕೊರಿಂಥಿಯರಿಗೆ 12 ಇಟ್ಟುಕೊಂಡರೆ ಹಬ್ಬದ ಬಾಗಿಲಿಗೆ ಬಂದಂತಾಗುತ್ತದೆ. ಮನೆ ಆರಿಸುವಾಗ ಸ್ವಲ್ಪ ಯೋಚನೆ ಬೇಕು. ದೊಡ್ಡ ಹಾಲ್ ಇರುವ ಮನೆಗಳಿಗೇ ಪ್ರತಿ ವರ್ಷ ಹೋಗುತ್ತಿದ್ದರೆ, ಒಂದು ಕೋಣೆಯ ಬಾಡಿಗೆ ಮನೆಯವರು ನಮ್ಮಲ್ಲಿಗೆ ಬನ್ನಿ ಎಂದು ಬಾಯಿ ಬಿಟ್ಟು ಕರೆಯುವುದೇ ಇಲ್ಲ. ಅವರನ್ನು ಕೇಳಬೇಕಾದವರು ನಾವು. ಜಾಗ ಸಾಲದಿದ್ದರೆ ಬೀದಿಯಲ್ಲಿ ಚಾಪೆ ಹಾಸಿದರಾಯಿತು, ಮೇ ತಿಂಗಳ ಸೆಕೆಯಲ್ಲಿ ಹೊರಗೇ ಹಿತ. ಹಾಸಿಗೆ ಹಿಡಿದವರಿರುವ ಮನೆಗೆ ಒಂದು ದಿನ ಮೀಸಲಿರಲಿ. ಎರಡು ಬೇರೆ ಬೇರೆ ಬಡಾವಣೆಯ ಸಮುದಾಯಗಳನ್ನು ಜೋಡಿಸಿ, ಒಬ್ಬರ ಮನೆಯಲ್ಲಿ ಇನ್ನೊಬ್ಬರು ಪ್ರಾರ್ಥನೆ ನಡೆಸುವಂತೆ ಮಾಡಿದರೆ ಮುಖಪರಿಚಯ ಮಾತಿನ ಪರಿಚಯವಾಗುತ್ತದೆ.

ಹಬ್ಬ ಬೀಳುವುದು ಮೇ 10ರಿಂದ ಜೂನ್ 13ರೊಳಗೆ. ನಮ್ಮಲ್ಲಿ ಅದು ಬೇಸಿಗೆ ರಜೆಯ ಕೊನೆ ಅಥವಾ ಬಿತ್ತನೆಯ ಮೊದಲು. ಮಕ್ಕಳು ಅಜ್ಜಿಯ ಊರಿನಲ್ಲಿರುತ್ತಾರೆ, ಗಾಯನವೃಂದದ ಅರ್ಧ ಜನ ಊರಲ್ಲಿರುವುದಿಲ್ಲ. ಈ ಕಾರಣಕ್ಕೇ ಕ್ರಿಸ್ಮಸ್ಸಿಗೂ ಪಾಸ್ಖಕ್ಕೂ ಇರುವ ಸಡಗರ ಪಂಚಾಶತ್ತಮಕ್ಕೆ ಬರುವುದಿಲ್ಲ, ಅದನ್ನು ಮಾಮೂಲಿ ಭಾನುವಾರದಂತೆ ಕಳೆದುಬಿಡುತ್ತೇವೆ. ಧರ್ಮಸಭೆ ಹೊರಗಿನ ಲೋಕಕ್ಕೆ ಬಾಗಿಲು ತೆರೆದು ನಿಂತ ದಿನ ಇದು. ಹಾಡು, ವಾಚಕರು, ಪೀಠಸೇವಕರ ಪಟ್ಟಿಯನ್ನು ಪಾಸ್ಖ ಕಳೆದ ಕೂಡಲೇ ಸಿದ್ಧಪಡಿಸಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ಬಲಿಪೂಜೆಯಲ್ಲಿ ಭಾಷೆಗಳ ವಿಷಯ. ಉತ್ಸಾಹದಲ್ಲಿ ಕೆಲವು ಕಡೆ ಮೊದಲನೇ ವಾಚನವನ್ನು ನಾಲ್ಕೈದು ಭಾಷೆಗಳಲ್ಲಿ ತುಂಡು ತುಂಡಾಗಿ, ಕೆಲವೊಮ್ಮೆ ಒಟ್ಟೊಟ್ಟಿಗೇ ಓದಿಸುತ್ತಾರೆ. ನೋಡಲು ಚಂದ, ಆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಜೆರುಸಲೇಮಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಕೊರಿಂಥದ ಸಭೆಯಲ್ಲಿ ಇದೇ ಗೊಂದಲ ಎದ್ದಾಗ ಸಂತ ಪೌಲರು ಕೊಟ್ಟ ನಿಯಮ ಬಹಳ ನೇರವಾದದ್ದು (1 ಕೊರಿಂಥಿಯರಿಗೆ 14:27): ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರಾದ ಮೇಲೆ ಒಬ್ಬರು, ಮತ್ತು ಒಬ್ಬರು ಅರ್ಥ ಹೇಳಬೇಕು. ಈ ಮಾತನ್ನು ನಮ್ಮ ಪೂಜೆಗೆ ಅನ್ವಯಿಸಿಕೊಳ್ಳಬಹುದು. ವಾಚನಗಳು ಪೂರ್ತಿ ಕನ್ನಡದಲ್ಲಿರಲಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಎರಡು ಮೂರು ಕೋರಿಕೆಗಳನ್ನು ಬೇರೆ ಮನೆಮಾತಿನವರು ತಮ್ಮ ಭಾಷೆಯಲ್ಲಿ ಹೇಳಲಿ, ಒಂದೊಂದು ಎರಡು ವಾಕ್ಯ ಮೀರದಿರಲಿ, ಅದರ ಸಾರವನ್ನು ಕನ್ನಡದಲ್ಲಿ ಒಂದು ಸಾಲಿನಲ್ಲಿ ಮೊದಲೇ ತಿಳಿಸಲಿ. ಸಭೆಯ ಉತ್ತರ ಎಲ್ಲದಕ್ಕೂ ಕನ್ನಡದ್ದೇ. ಆಗ ತೆಲುಗಿನ ತಾಯಿಯ ಕೋರಿಕೆಗೆ ಕನ್ನಡದ ಮಗು ಓಗೊಡುತ್ತದೆ.

ಮೊದಲ ವಾಚನದ ಊರ ಹೆಸರುಗಳು ವಾಚಕರಿಗೆ ಕಷ್ಟ. ಮೆಸಪೊತೇಮಿಯ, ಕಪ್ಪದೋಕಿಯ, ಫ್ರಿಗಿಯ, ಪಂಫೀಲಿಯ ಎಂದು ಎಡವುತ್ತ ಓದಿದರೆ ಜನ ನಗುತ್ತಾರೆ, ಆ ಭಾಗದ ಗಾಂಭೀರ್ಯ ಹೋಗುತ್ತದೆ. ಮೂರು ದಿನ ಮೊದಲೇ ಪಾಠ ಕೈಗೆ ಕೊಟ್ಟು, ಮೈಕಿನ ಮುಂದೆ ಗಟ್ಟಿಯಾಗಿ ಎರಡು ಸಲ ಓದಿಸಬೇಕು. ಆ ಹೆಸರುಗಳು ಬರೀ ಪಟ್ಟಿಯಲ್ಲ, ಅಂದು ದೇವರು ಹೆಸರು ಹಿಡಿದು ಕರೆದ ಜನ. ಎರಡನೇ ವಾಚನ ಮುಗಿದು ಅಲ್ಲೆಲೂಯ ಏಳುವ ಮುನ್ನ ‘ವೇನಿ ಸಾಂಕ್ತೆ ಸ್ಪಿರಿತುಸ್’ ಎಂಬ ಪುರಾತನ ಸ್ತುತಿಗೀತೆ ಇದೆ. ಈ ದಿನ ಅದನ್ನು ಬಿಡುವಂತಿಲ್ಲ. ಮೂರು ಮೂರು ಸಾಲಿನ ಹತ್ತು ನುಡಿ. ಗಾಯನವೃಂದ ಒಂದು ನುಡಿ, ಸಭೆ ಒಂದು ನುಡಿ ಎಂದು ಕನ್ನಡದಲ್ಲಿ ಹಾಡಿದರೆ ಹತ್ತೂ ಭಾರವೆನಿಸುವುದಿಲ್ಲ. ಒಣಗಿದ್ದಕ್ಕೆ ನೀರೆರೆಯಿರಿ, ಗಾಯವನ್ನು ಮಾಯಿಸಿರಿ, ಸೆಟೆದದ್ದನ್ನು ಬಾಗಿಸಿರಿ ಎಂದು ಬೇಡುವ ಭಾಗಕ್ಕೆ ಬಂದಾಗ ವೇಗ ತಗ್ಗಿಸಿ ಹಾಡಬೇಕು. ಸೆಟೆದದ್ದು ಯಾವುದು ಎಂದು ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ.

ವಸ್ತ್ರ ಕೆಂಪು. ಹೂವಿಗೆ ಕೆಂಪು ಗುಲಾಬಿ, ಕನಕಾಂಬರ ಸಾಕು. ಬಲಿಪೀಠದ ಮೇಲಲ್ಲ, ಸುತ್ತ ಇಡಬೇಕು. ಶನಿವಾರ ರಾತ್ರಿಯೇ ಕಟ್ಟಿಟ್ಟರೆ ಬೆಳಗಿನ ಪೂಜೆಗೆ ಬಾಡಿರುತ್ತದೆ. ಪಾಸ್ಖ ಹಬ್ಬದಲ್ಲಿ ಹೊತ್ತಿಸಿದ ದೊಡ್ಡ ಮೇಣದಬತ್ತಿ, ಅಂದರೆ ಪಾಸ್ಖ ದೀಪ, ಈ ದಿನದವರೆಗೂ ಬಲಿಪೀಠದ ಬಳಿ ಉರಿಯುತ್ತದೆ. ಫ್ಯಾನಿನ ಗಾಳಿ ನೇರ ಬಿದ್ದರೆ ಒಂದೇ ಬದಿ ಕರಗಿ ವಾಲುತ್ತದೆ, ಆ ಫ್ಯಾನನ್ನು ಆರಿಸಿಡಿ. ಕಳುಹಿಸಿಕೊಡುವ ಮಾತಿಗೆ ಎರಡು ಅಲ್ಲೆಲೂಯ ಸೇರಿಸಿ ಸಭೆಯನ್ನು ಬೀಳ್ಕೊಡುತ್ತಾರೆ. ದಿನದ ಕೊನೆಯ ಆರಾಧನೆಯ ನಂತರ ದೀಪವನ್ನು ಜ್ಞಾನಸ್ನಾನದ ತೊಟ್ಟಿಯ ಬಳಿಗೆ ಒಯ್ಯುತ್ತಾರೆ. ಪೂಜೆಯ ನಂತರ ಎಲ್ಲರಿಗೂ ಮಜ್ಜಿಗೆ ಕೊಡುವುದಾದರೆ ನೂರು ಜನಕ್ಕೆ ತಲಾ 200 ಮಿ.ಲೀ. ಲೆಕ್ಕದಲ್ಲಿ 20 ಲೀಟರ್ ಬೇಕು. ಲೋಟವನ್ನು ಯುವಕರು ಕೈಗೆ ತಂದುಕೊಟ್ಟರೆ ಜನ ಗೇಟಿನ ಕಡೆ ನಡೆಯದೆ ನಿಂತು ಮಾತಾಡುತ್ತಾರೆ.

ಆ ದಿನ ಓದಬಹುದಾದ ಯೊವಾನ್ನರ ಶುಭಸಂದೇಶದಲ್ಲಿ (20:19-23) ಗಾಳಿಯೂ ಇಲ್ಲ, ಬೆಂಕಿಯೂ ಇಲ್ಲ. ಬಾಗಿಲು ಹಾಕಿಕೊಂಡು ಹೆದರಿ ಕೂತಿದ್ದವರ ನಡುವೆ ಯೇಸು ನಿಂತು ಶಾಂತಿ ಹಾರೈಸುತ್ತಾರೆ, ಗಾಯಗಳನ್ನು ತೋರಿಸುತ್ತಾರೆ, ಉಸಿರೂದಿ ಪವಿತ್ರಾತ್ಮರನ್ನು ಕೊಡುತ್ತಾರೆ, ಮರುಕ್ಷಣವೇ ಪಾಪಕ್ಷಮೆಯ ಮಾತಾಡುತ್ತಾರೆ. ಕ್ಷಮೆಯಿಲ್ಲದೆ ಒಗ್ಗಟ್ಟಿಲ್ಲ. ಪಾಪನಿವೇದನೆಯನ್ನು ಹಬ್ಬದ ಬೆಳಿಗ್ಗೆ ಪೂಜೆಗೆ ಹತ್ತು ನಿಮಿಷ ಇರುವಾಗ ಇಟ್ಟುಕೊಂಡರೆ ಸಾಲು ಕರಗುವುದಿಲ್ಲ. ನವದಿನಗಳ ನಡುವೆ, ಬುಧವಾರ ಅಥವಾ ಗುರುವಾರ ಸಂಜೆ ಇಟ್ಟರೆ ಆಮೇಲೆ ಎರಡು ಮೂರು ದಿನ ಉಳಿದಿರುತ್ತವೆ. ಆಸ್ತಿಗೋ ಸಮಿತಿಯ ಚುನಾವಣೆಗೋ ಮಾತು ಬಿಟ್ಟ ಮನೆಗೆ ಹೋಗಿಬರಲು ಆ ದಿನಗಳು ಬೇಕು. ಸಾಲಿನಲ್ಲಿ ಪಕ್ಕದವರಿಗೆ ಶಾಂತಿ ಹೇಳಿ, ಎದುರು ಸಾಲಿನವರ ಮುಖ ತಪ್ಪಿಸುವುದು ಪರಮಪ್ರಸಾದದ ಮುಂದೆ ನಿಲ್ಲುವ ಮಾತಲ್ಲ.

ಪಂಚಾಶತ್ತಮದ ದಿನ ಸುಮಾರು 3,000 ಜನ ಸಭೆಗೆ ಸೇರಿದರು ಎಂಬುದನ್ನು ನಾವು ಸಂತೋಷದಿಂದ ಓದುತ್ತೇವೆ. ಆರನೇ ಅಧ್ಯಾಯವನ್ನು ಅಷ್ಟು ಗಮನವಿಟ್ಟು ಓದುವುದಿಲ್ಲ. ಅದೇ ಸಭೆಯಲ್ಲಿ ಗ್ರೀಕ್ ಮಾತಾಡುವವರು ಗೊಣಗಿದರು: ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು. ಪವಿತ್ರಾತ್ಮರು ಇಳಿದುಬಂದ ಸಭೆಯಲ್ಲೇ ಭಾಷೆಯ ಹೆಸರಿನಲ್ಲಿ ನೋವು! ಭದ್ರಾ ನಾಲೆಗೆ ನೀರು ಬಿಟ್ಟ ಮಾತ್ರಕ್ಕೆ ಕೊನೆಯ ಭಾಗದ ಗದ್ದೆಗೆ ತಲುಪಿತು ಎನ್ನಲಾಗದು, ದಾವಣಗೆರೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರೇಷಿತರು ಗೊಣಗಿದವರನ್ನು ಗದರಿಸಲಿಲ್ಲ, ಸಹಿಸಿಕೊಳ್ಳಿ ಎನ್ನಲಿಲ್ಲ. ಎಲ್ಲರನ್ನೂ ಕರೆದು ಏಳು ಜನರನ್ನು ಆರಿಸಲು ಹೇಳಿದರು. ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ, ಆ ಏಳೂ ಗ್ರೀಕ್ ಹೆಸರುಗಳು. ಹಂಚಿಕೆಯ ಹೊಣೆ ಕಡೆಗಣನೆಗೆ ಒಳಗಾದವರ ಕಡೆಯವರ ಕೈಗೇ ಹೋಯಿತು. ಅದರ ಫಲವನ್ನು ಲೂಕರು ಮರುವಚನದಲ್ಲೇ ಹೇಳುತ್ತಾರೆ: ದೇವರ ವಾಕ್ಯ ಹರಡಿತು, ಶಿಷ್ಯರ ಸಂಖ್ಯೆ ಬೆಳೆಯಿತು.

ಹಬ್ಬದ ಮರುದಿನ ಸೋಮವಾರ ಧರ್ಮಸಭೆಯ ಮಾತೆ ಮರಿಯಮ್ಮನವರ ಸ್ಮರಣೆ. ಜಗದ್ಗುರು ಫ್ರಾನ್ಸಿಸ್ ಅವರು 2018ರಲ್ಲಿ ಇದನ್ನು ಇಡೀ ಧರ್ಮಸಭೆಗೆ ಗೊತ್ತುಪಡಿಸಿದರು. ಧರ್ಮಕೇಂದ್ರದ ಪಾಲನಾ ಸಮಿತಿಯ ಸಭೆಯನ್ನು ಅದೇ ಸಂಜೆಯ ಪೂಜೆಯ ನಂತರ ಕರೆಯುವುದು ಉಚಿತ, ಏಕೆಂದರೆ ಶಾಲೆಗಳು ಬಾಗಿಲು ತೆಗೆಯುವ ಕಾಲ ಅದು. ಸಮಿತಿಯಲ್ಲಿ ಯಾವ ಮನೆಮಾತಿನವರು, ಯಾವ ಬಡಾವಣೆಯವರು ಇಲ್ಲ ಎಂದು ಮೊದಲು ನೋಡಿ, ಅವರನ್ನು ಕರೆಸಿ ಕೂರಿಸಿ. ಕಿರು ಸಮುದಾಯಗಳ ಮುಖಂಡರು ನವೇನಾಕ್ಕೆ ಯಾರೂ ಕಾಲಿಡದ ಮನೆಗಳ ಪಟ್ಟಿ ತರಲಿ: ಒಂಟಿ ವೃದ್ಧರು, ವಿಧವೆಯರು, ಹೊಸದಾಗಿ ವರ್ಗವಾಗಿ ಬಂದವರು, ಪೂಜೆಗೆ ಬರುವುದನ್ನೇ ಬಿಟ್ಟವರು. ಒಂದೊಂದು ಮನೆಗೆ ಇಬ್ಬಿಬ್ಬರ ಹೆಸರು ಬರೆಯಿರಿ, ಆ ಇಬ್ಬರಲ್ಲಿ ಒಬ್ಬರಿಗೆ ಆ ಮನೆಯ ಮಾತು ಬರುವಂತಿರಲಿ. ಮಕ್ಕಳ ಫೀಸು, ಪುಸ್ತಕ, ಸಮವಸ್ತ್ರಕ್ಕೆ ಕೈ ಸಾಲದ ಮನೆ ಯಾವುದೆಂದು ಫೀಸಿನ ಗಡುವು ಮುಗಿಯುವ ಮೊದಲೇ ಆ ಇಬ್ಬರು ಗುರುಗಳಿಗೆ ತಿಳಿಸಬೇಕು, ಗಡುವು ಕಳೆದ ಮೇಲೆ ತಿಳಿದರೆ ಆ ಮಗು ಆಗಲೇ ತರಗತಿಯ ಹೊರಗೆ ನಿಂತಿರುತ್ತದೆ.