ಪದವಿ ಎಣಿಸಿ ಹಣ ಕೊಡುವಾಗ

ನಿನ್ನೆ ರಾತ್ರಿ ಅಮೆರಿಕದ ಟೆನೆಸೀ ರಾಜ್ಯವು ತನ್ನ ಸರ್ಕಾರಿ ಕಾಲೇಜುಗಳಿಗೆ ಅನುದಾನ ಹಂಚುವ ಬಗೆಯನ್ನು ಓದುತ್ತಾ ಕುಳಿತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಸಾಧನೆ ನೋಡಿ ಹಣ ಕೊಡುವ ಪದ್ಧತಿಯನ್ನು ಆ ರಾಜ್ಯ 1979ರಲ್ಲೇ ಶುರು ಮಾಡಿತ್ತು. ಆಗ ಅದು ಅನುದಾನದ ಸಣ್ಣ ಪಾಲು ಮಾತ್ರ. 2010ರ ಕಾಯ್ದೆ ಬಂದ ಮೇಲೆ ಸೂತ್ರವೇ ತಿರುಗಿತು: ಎಷ್ಟು ಜನ ಸೇರಿದರು ಎನ್ನುವುದಕ್ಕಿಂತ ಎಷ್ಟು ಜನ ಮುಂದಿನ ಹಂತ ದಾಟಿದರು, ಎಷ್ಟು ಜನ ಪದವಿ ಪಡೆದರು ಎನ್ನುವುದೇ ಮುಖ್ಯವಾಯಿತು.

ಸೇರಿಸಿಕೊಂಡು ಕೈಬಿಡುವ ಕಾಲೇಜನ್ನು ಪ್ರಶ್ನಿಸಲೇಬೇಕು. ಅರ್ಧಕ್ಕೆ ಬಿಟ್ಟವರಿಗೆ ಉಳಿಯುವುದು ಸಾಲ ಮಾತ್ರ. ಆದರೂ ನನಗೆ ಭಯವಿದೆ. ಹಣ ಪದವಿಯ ಹಿಂದೆ ಹೋದರೆ, ಸುಲಭವಾಗಿ ಪಾಸಾಗುವವರನ್ನೇ ಆರಿಸಿಕೊಳ್ಳುವ ಆಸೆ ಕಾಲೇಜಿಗೆ ಹುಟ್ಟದಿರುತ್ತದೆಯೇ? ಹಗಲು ದುಡಿದು ರಾತ್ರಿ ತರಗತಿಗೆ ಬರುವ ತಾಯಿ ಆರು ವರ್ಷ ತೆಗೆದುಕೊಂಡರೆ ಅವಳು ಯಾರ ಲೆಕ್ಕದಲ್ಲಿ ನಷ್ಟ? ಇಂತಹ ಸೂತ್ರಗಳನ್ನು ಪರಿಶೀಲಿಸಿದ ಹಲವು ಅಧ್ಯಯನಗಳು ಪದವಿಗಳ ಸಂಖ್ಯೆ ಅಷ್ಟಾಗಿ ಏರಲಿಲ್ಲ, ಅಲ್ಪಾವಧಿಯ ಸರ್ಟಿಫಿಕೇಟುಗಳು ಮಾತ್ರ ಹೆಚ್ಚಿದವು ಎನ್ನುತ್ತವೆ. ಅದನ್ನು ಓದಿ ನಿಜಕ್ಕೂ ಸಂಕಟವಾಯಿತು.

ಟೆನೆಸೀ ಒಂದು ಒಳ್ಳೆಯ ಕೆಲಸ ಮಾಡಿದೆ. ಬಡ ವಿದ್ಯಾರ್ಥಿಗಳ, ವಯಸ್ಕ ವಿದ್ಯಾರ್ಥಿಗಳ ಯಶಸ್ಸಿಗೆ ಸೂತ್ರದಲ್ಲಿ ಹೆಚ್ಚು ತೂಕ ಕೊಟ್ಟಿದೆ. ಆರಂಭದಲ್ಲಿ ಅದು ಶೇಕಡಾ 40ರಷ್ಟು ಹೆಚ್ಚಿತ್ತು. ಆ ಸಂಖ್ಯೆ ಸಾಕೇ ಎಂಬುದು ಬೇರೆ ಮಾತು. ಆದರೆ ಬೋಧಕರಿಗೆ, ಸಲಹೆಗಾರರಿಗೆ ಬೇಕಾದ ಹಣ ಫಲಿತಾಂಶ ಬರುವ ಮೊದಲೇ ಕೈಗೆ ಸಿಗಬೇಕಲ್ಲವೇ? ಸೋತ ಕಾಲೇಜಿಗೆ ಮುಂದಿನ ವರ್ಷ ಇನ್ನೂ ಕಡಿಮೆ ಕೊಟ್ಟರೆ, ಅಲ್ಲಿ ಈಗಾಗಲೇ ಕುಳಿತಿರುವ ವಿದ್ಯಾರ್ಥಿಗೆ ಪಾಠ ಹೇಳುವವರು ಯಾರು?