ಬೆಂಚ್ ಪ್ರೆಸ್ ಡೈರಿ: ಬಾರ್ ಬಿಟ್ಟು ಟೇಪ್ ಹಿಡಿದೆ

ವಾರ 1

ಬೆಂಚ್ ಪ್ರೆಸ್ ಅಂದರೆ ಬೆಂಚ್ ಮೇಲೆ ಮಲಗಿ, ತೂಕದ ಬಾರ್ ಎದೆಗಿಳಿಸಿ ಮೇಲಕ್ಕೆ ಒತ್ತುವುದು. ಮೊದಲ ಸಲ ಸ್ಪರ್ಧೆಯ ಬೆಂಚ್ ಮೇಲೆ ಮಲಗಿದೆ. ಜಿಮ್‌ನಲ್ಲಿ 90 ಕೆಜಿ ಎತ್ತುವವನಿಗೆ ಅಲ್ಲಿ 85ಕ್ಕೇ ಏದುಸಿರು. "ರ‍್ಯಾಕ್ ಎತ್ತರ ಎಷ್ಟು?" ಅಂತ ಅಲ್ಲಿನವರು ಕೇಳಿದರು, ಅಂದರೆ ಬಾರ್ ಇಡುವ ಕೊಕ್ಕೆಯ ಎತ್ತರ. "ಮಾಮೂಲಿ" ಅಂದೆ. ಅಲ್ಲಿ ಮಾಮೂಲಿ ಅನ್ನೋದೇ ಇಲ್ಲ. ಕಂಬದ ಮೇಲೆ ನಂಬರ್ ಇರುತ್ತದೆ, ನಮ್ಮ ನಂಬರ್ ನಮಗೆ ಗೊತ್ತಿರಬೇಕು. ನನಗಿಟ್ಟ ಎತ್ತರ ಜಾಸ್ತಿಯಾಯಿತು. ಬಾರ್ ತೆಗೆಯಲು ಹೆಗಲನ್ನೇ ಮೇಲಕ್ಕೆ ಚಾಚಿದೆ. ಅಷ್ಟು ಹೊತ್ತು ಹಿಂದಕ್ಕೆ ಬಿಗಿದಿದ್ದ, ಹೆಗಲ ಹಿಂದಿನ ರೆಕ್ಕೆಮೂಳೆಗಳು ಅಲ್ಲಿಗೇ ಸಡಿಲ.

ವಾರ 2

ಈ ವಾರ ಬಾರ್ ಮುಟ್ಟಿದ್ದು ಕಮ್ಮಿ, ಟೇಪ್ ಹಿಡಿದಿದ್ದೇ ಜಾಸ್ತಿ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್ ನಿಯಮದಂತೆ ಬೆಂಚ್ ಎತ್ತರ 42ರಿಂದ 45 ಸೆಂ.ಮೀ., ಅಗಲ 29ರಿಂದ 32 ಸೆಂ.ಮೀ., ಉದ್ದ ಕನಿಷ್ಠ 1.22 ಮೀಟರ್. ನಮ್ಮ ಜಿಮ್ ಬೆಂಚ್ ಎತ್ತರ 47, ಅಗಲ ಬರೀ 26.

ಈ ಅಗಲವೇ ನನಗೆ ದೊಡ್ಡ ಪಾಠ. 26ರ ಮೇಲೆ ರೆಕ್ಕೆಮೂಳೆಯ ಹೊರ ಅಂಚು ಗಾಳಿಯಲ್ಲಿ ತೂಗುತ್ತದೆ, ಒರಗಲು ಏನೂ ಇಲ್ಲ. ಹೆಗಲು ಅಲ್ಲಾಡಿದಾಗಲೆಲ್ಲ ನನ್ನ ಭುಜವನ್ನೇ ಬೈದುಕೊಳ್ಳುತ್ತಿದ್ದೆ, ಪಾಪ! ಮೇಲಿಂದ ಸ್ಪಂಜು ಬೇರೆ ಮೆತ್ತಗೆ. ಭಾರ ಬಿದ್ದಾಗ ಬೆನ್ನು ಕುಸಿಯುತ್ತದೆ, ಒಮ್ಮೊಮ್ಮೆ ಒಂದು ಕಡೆಗೆ ವಾಲುತ್ತದೆ. ಸ್ಪರ್ಧೆಯ ಬೆಂಚ್ ಗಟ್ಟಿ. ಸುಮ್ನೆ ಮಲಗಲು ಹಿತವಿಲ್ಲ, ಒತ್ತಲು ಹಿತ.

ವಾರ 3

47ರ ಎತ್ತರದಲ್ಲಿ ನನ್ನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ, ತುದಿಗಾಲಲ್ಲೇ ಒತ್ತುತ್ತಿದ್ದೆ. ಸ್ಪರ್ಧೆಯಲ್ಲಿ ಪಾದ ಪೂರ್ತಿ ಊರಿರಬೇಕು. ಎರಡು ಕಾಲಡಿಗೂ 2.5 ಸೆಂ.ಮೀ. ದಪ್ಪದ ರಬ್ಬರ್ ಮ್ಯಾಟ್ ಹಾಕಿದೆ. ಲೆಕ್ಕಕ್ಕೆ ಎತ್ತರ 44.5 ಆಯಿತು. ಕಾಲಿಂದ ಜೋರಾಗಿ ಒತ್ತಿದರೆ ನುಣುಪು ರೆಕ್ಸಿನ್ ಮೇಲೆ ಮೈ ತಲೆಯ ಕಡೆ ಜಾರುತ್ತಿತ್ತು. ಅದಕ್ಕೆ ಬೆನ್ನಡಿಗೆ ಜಾರದ ತೆಳು ಮ್ಯಾಟ್. ಅಗಲಕ್ಕೆ ಮಾತ್ರ ಮದ್ದಿಲ್ಲ. ಟವೆಲ್ ಮಡಚಿಟ್ಟು ನೋಡಿದೆ, ನಗೆಪಾಟಲಾದೆ.

ವಾರ 5

ಜಿಮ್ ಬೆಂಚ್‌ನ ಕೊಕ್ಕೆಗಳು ಮೂರೇ ಎತ್ತರದಲ್ಲಿವೆ. ಒಂದು ತುಂಬಾ ಮೇಲೆ, ಇನ್ನೊಂದರಲ್ಲಿ ಬಾರ್ ತೆಗೆಯೋದೇ ಅರ್ಧ ಲಿಫ್ಟ್. ಅದನ್ನು ಬಿಟ್ಟು, ಕೊಕ್ಕೆ ಸಿಕ್ಕಿಸಲು ತೂತುಗಳಿರುವ ಕಂಬಗಳ ಚೌಕಟ್ಟಾದ ಪವರ್ ರ‍್ಯಾಕ್ ಒಳಗೆ ಚಪ್ಪಟೆ ಬೆಂಚ್ ಎಳೆದುಕೊಂಡೆ. ತೂತುಗಳು ಹತ್ತಿರ ಹತ್ತಿರ ಇವೆ, ಸುರಕ್ಷತೆಗೆ ಅಡ್ಡಪಟ್ಟಿಯೂ ಸಿಕ್ಕಿತು. ಮೊಣಕೈ ಸ್ವಲ್ಪ ಮಡಚಿದಾಗಲೇ ಬಾರ್ ಕೈಗೆ ಸಿಗುವ ತೂತು ನನ್ನದು.

ವಾರ 6

ಸ್ಪರ್ಧೆಯಲ್ಲಿ ಮಾಡುವಂತೆ ಎದೆ ಮೇಲೆ ಬಾರ್ ನಿಲ್ಲಿಸಿ, ಗೆಳೆಯ "ಪ್ರೆಸ್" ಅಂದ ಮೇಲೆ 87.5 ಹೋಯಿತು. ಹಳೆಯ 90 ಎದೆಗೆ ಬಡಿದು ಪುಟಿಸಿದ್ದು, ಅದನ್ನು ಲೆಕ್ಕದಿಂದ ಹೊಡೆದು ಹಾಕಿದ್ದೇನೆ. ಮುಂದಿನ ವಾರ ಮತ್ತೆ ಸ್ಪರ್ಧೆಯ ಬೆಂಚ್. ಈ ಸಲ ಮೊದಲು ಖಾಲಿ ಬಾರ್ ಇಟ್ಟು ನನ್ನ ನಂಬರ್ ಹುಡುಕಿ, ಕೈ ಮೇಲೆ ಪೆನ್ನಲ್ಲಿ ಬರೆದುಕೊಳ್ಳುತ್ತೇನೆ.